ಟೀವಿಯಲ್ಲಿ ಬಂದ ಅಕ್ಕ

“ಲೋಟ ಕೆಳಗಿಡು. ಮಗು ಮೇಲೆ ಕೈ ಮಾಡೋಳ ಕೈಯಿಂದ ನನಗೆ ಹನಿ ನೀರೂ ಬೇಡ.”

ಅಪ್ಪ ಇದನ್ನು ಮಗಳ ಕಿವಿಯಲ್ಲಿ ಹೇಳಲಿಲ್ಲ. ಬಾಗಿಲ ತುಂಬ ಜನ ನಿಂತಿದ್ದಾಗ ಹೇಳಿದ. ಮೇಲಿನ ಮಹಡಿಯ ಗಂಡ ಹೆಂಡತಿ, ಕೆಳಗಿನ ಮನೆಯ ಟೈಲರಮ್ಮ, ಅವಳ ಸೊಂಟದ ಮೇಲೆ ಮೊಮ್ಮಗ, ಇಸ್ತ್ರಿ ಅಂಗಡಿಯವನು, ಎಲ್ಲ ಇದ್ದರು. ಅವರವರ ಮನೆಯಲ್ಲೂ ಟೀವಿ ಇತ್ತು. ಆದರೆ ಟೀವಿಯಲ್ಲಿ ಬಂದವಳನ್ನು ಟೀವಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು ನೋಡುವ ಭಾಗ್ಯ ದಿನಾ ಸಿಗುತ್ತದೆಯೇ?

ಅಕ್ಕ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಮಕ್ಕಳ ವಾರ್ಡಿನ ನರ್ಸು ಅವಳು. ಸಮವಸ್ತ್ರ ಕೂಡ ಬದಲಿಸದೆ, ದಿನದ ಹಾಗೆ ಅಪ್ಪನಿಗೆ ಟೀ ತಂದಿದ್ದಳು. ಲೋಟ ಹಿಡಿದ ಕೈ ಹಿಡಿದ ಹಾಗೇ ಇತ್ತು.

ಟೀವಿಯಲ್ಲೂ ಅವಳೇ. ಕಿಟಕಿಯ ಗಾಜಿನ ಆಚೆಯಿಂದ ಯಾರೋ ಮೊಬೈಲಿನಲ್ಲಿ ಹಿಡಿದ ಚಿತ್ರ. ಅಕ್ಕ ಕೂತಿದ್ದಾಳೆ, ತೊಡೆಯ ಮೇಲೆ ಕೂಸು ಬೋರಲು ಮಲಗಿದೆ. ಅಕ್ಕನ ಕೈ ಏಳುತ್ತದೆ, ಕೂಸಿನ ಬೆನ್ನ ಮೇಲೆ ಬೀಳುತ್ತದೆ. ಏಳುತ್ತದೆ, ಬೀಳುತ್ತದೆ. ಕೈಯ ಸುತ್ತ ಕೆಂಪು ಉಂಗುರ. ಹಿಂದೆ ಢಂ ಢಂ ಅಂತ ಸಂಗೀತ. ಟೈ ಕಟ್ಟಿಕೊಂಡು ಸುದ್ದಿ ಓದುವವನು ಗಂಟಲು ಹರಿದುಕೊಳ್ಳುತ್ತಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಈಕೆ ದಾದಿಯೋ? ರಾಕ್ಷಸಿಯೋ?’

“ಅಪ್ಪಾ, ಅದು ಹೊಡೆಯೋದಲ್ಲ,” ಅಂದಳು ಅಕ್ಕ. “ಎದೇಲಿ ಕಫ ಕಟ್ಟಿದ್ರೆ ಹಾಗೇ ತಟ್ಟಬೇಕು. ಅಂಗೈ ಬೋಗುಣಿ ಥರ ಮಡಚಿ ತಟ್ಟೋದು. ನೋವಾಗಲ್ಲ. ದಿನಾ ಮಾಡ್ತೀನಿ.”

“ನಾನು ಕಣ್ಣಾರೆ ನೋಡ್ತಾ ಇದೀನಿ.”

“ನೀನು ಟೀವಿ ನೋಡ್ತಾ ಇದೀಯ ಅಪ್ಪ.”

“ಎದುರು ಮಾತು ಬೇರೆ!”

ಅಷ್ಟರಲ್ಲಿ ಟೈಲರಮ್ಮನ ಮೊಮ್ಮಗು ಅಕ್ಕನತ್ತ ಎರಡೂ ಕೈ ಚಾಚಿತು. ಸಂಜೆ ಅಕ್ಕ ಬಂದ ತಕ್ಷಣ ಅವಳ ಹೆಗಲಿಗೆ ಜಿಗಿಯುವುದು ಅದರ ಅಭ್ಯಾಸ. ಟೈಲರಮ್ಮ ಸೊಂಟವನ್ನು ಆ ಕಡೆಗೆ ತಿರುಗಿಸಿದಳು, ಅಷ್ಟೇ. ಮಗು ಅತ್ತಿತು. ಅಕ್ಕ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅಡುಗೆಮನೆಗೆ ಹೋದಳು.

ಜನರ ಹಿಂದೆ ನಿಂತು ಇದನ್ನೆಲ್ಲ ನೋಡಿದ್ದು ತಮ್ಮ. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ, ಅಂಗಿಯ ತುಂಬ ಸುಟ್ಟ ತೂತು. ಕೆಲಸಕ್ಕೂ ಸರಿ, ಸ್ವಭಾವಕ್ಕೂ ಸರಿ ಅಂತ ಎಲ್ಲರೂ ಅವನನ್ನು ಕಿಡಿ ಅಂತಲೇ ಕರೆಯುತ್ತಿದ್ದರು. ಅವನು ಜನರನ್ನು ತಳ್ಳಿಕೊಂಡು ಬಂದು ಟೀವಿ ಆರಿಸಿದ.

“ನಡೀರಿ, ನಡೀರಿ! ಸಿನಿಮಾ ಮುಗೀತು! ಟಿಕೇಟು ತಗೊಂಡಿದ್ರೆ ವಾಪಸ್ ಕೊಡ್ತೀನಿ!”

ಅಪ್ಪ ಟೀವಿ ಮತ್ತೆ ಹಾಕಿದ.

ಅಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಿಡಿಗೆ ಎಷ್ಟೋ ಸುಲಭವಾಗುತ್ತಿತ್ತು. ಜೀವಮಾನವೆಲ್ಲ ಒಂದು ದಿನಪತ್ರಿಕೆಯ ಮುದ್ರಣಯಂತ್ರದ ಮುಂದೆ ನಿಂತವನು. ಪತ್ರಿಕೆ ಮುಚ್ಚಿಹೋಗಿ ವರ್ಷಗಳಾದರೂ ಬಿಲ್ಡಿಂಗಿನವರೆಲ್ಲ ಅವನನ್ನು ಪ್ರೆಸ್ಸಿನವರು ಅಂತಲೇ ಕರೆಯುತ್ತಿದ್ದರು. ಸಂಪಾದಕರು ಶಾಯಿ ಆರದ ಹಾಳೆ ಹಿಡಿದು ಯಂತ್ರದ ಬಳಿಗೇ ಓಡಿಬಂದು, “ನಿಲ್ಲಿಸಿ, ಹೆಸರು ತಪ್ಪಿದೆ” ಅಂದದ್ದನ್ನು ಅವನು ಕಂಡಿದ್ದ. ಒಬ್ಬನ ಹೆಸರಿಗಾಗಿ ಇಡೀ ಯಂತ್ರ ನಿಂತ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಸುದ್ದಿ ಅಂದರೆ ಅವನಿಗೆ ಅದು. ಯಂತ್ರ ಹೋಯಿತು, ಸಂಪಾದಕರು ಹೋದರು, ಗೋಡೆಯ ಮೇಲೆ ಟೀವಿ ಬಂತು. ನಂಬಿಕೆಯನ್ನು ಮಾತ್ರ ಅಲ್ಲಿಂದ ಎತ್ತಿ ಇಲ್ಲಿಗೆ ಇಟ್ಟುಕೊಂಡ.

ವಿಚಾರಣೆ ಮುಗಿಯುವ ತನಕ ಬರಬೇಡ ಅಂದರು ಆಸ್ಪತ್ರೆಯವರು. ಅಕ್ಕ ಮನೆಯಲ್ಲೇ ಉಳಿದಳು. ಬಟ್ಟೆ ಒಗೆದಳು, ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಅಡುಗೆಯೂ ಅವಳದ್ದೇ. ಆದರೆ ಬಡಿಸುವುದು ಅಮ್ಮ. ಅಕ್ಕ ಮಾಡಿದ್ದು ಅಂತ ಗೊತ್ತಾದರೆ ಅಪ್ಪ ತಟ್ಟೆ ಸರಿಸುತ್ತಾನೆಂದು ಅಮ್ಮ ಸೌಟು ಹಿಡಿದುಕೊಂಡೇ ನಡುಮನೆಗೆ ಬರುತ್ತಿದ್ದಳು, ಈಗಷ್ಟೇ ಒಲೆಯಿಂದ ಇಳಿಸಿದವಳ ಹಾಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಒಂದು ದಿನ ಅಪ್ಪ ಸಾರು ಎರಡನೇ ಸಲ ಹಾಕಿಸಿಕೊಂಡ. “ಇವತ್ತು ಕೈರುಚಿ ಚೆನ್ನಾಗಿ ಇಳಿದಿದೆ ಕಣೇ ನಿಂದು.”

ಗೋಡೆಯ ಆಚೆ ಅಕ್ಕ ನಲ್ಲಿ ತಿರುಗಿಸಿದ ಸದ್ದಾಯಿತು.

ಕಿಡಿ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. “ಅಮ್ಮಂದಲ್ಲ ಅದು—”

“ತಿನ್ನೋ ಸುಮ್ನೆ!” ಅಮ್ಮ ಅವನ ತಟ್ಟೆಗೆ ರಪ್ಪನೆ ಅನ್ನ ಹಾಕಿದಳು. “ಹಸಿದ ಹೊಟ್ಟೇಲಿ ಜಗಳ ಬೇಡ.”

“ತುಂಬಿದ ಹೊಟ್ಟೇಲಿ ಆಡ್ಬಹುದಾ?”

“ಆಗ ಪಾತ್ರೆ ತೊಳಿ.”

ಅಕ್ಕನ ಸಂಬಳ ನಿಂತ ಮೇಲೆ ಮನೆಗೆ ಹಾಲು ಕಡಿಮೆಯಾಯಿತು, ಮೊಟ್ಟೆ ನಿಂತಿತು, ಅಜ್ಜಿಯ ಸಂಜೆಯ ಬಿಸ್ಕತ್ತು ನಿಂತಿತು. ಕೇಬಲ್ಲು ಮಾತ್ರ ನಿಲ್ಲಲಿಲ್ಲ. ಕೇಬಲ್ಲಿನವನು ಬಂದ ದಿನ ಕಿಡಿ ಬಾಗಿಲಿಗೆ ಅಡ್ಡ ನಿಂತ. “ಅಕ್ಕನ್ನ ಬಯ್ಯೋದಕ್ಕೆ ನಾವೇ ದುಡ್ಡು ಕೊಡಬೇಕಾ?” ಅಪ್ಪ ಅವನ ತೋಳಿನ ಕೆಳಗಿಂದಲೇ ಕೈ ಚಾಚಿ ಕೊಟ್ಟ.

ಅಜ್ಜಿ ಅಪ್ಪನ ತಾಯಿ. ಕಿವಿ ಪೂರ್ತಿ ಹೋಗಿತ್ತು. ಮಧ್ಯಾಹ್ನ ಎಲ್ಲರೂ ಎದ್ದುಹೋದ ಮೇಲೆ ಟೀವಿ ಅವಳದ್ದು. ಕೇಳಿಸದವಳಿಗೆ ಸದ್ದು ಯಾಕೆ ಅಂತ ಯಾರಾದರೂ ಶಬ್ದ ತೆಗೆದುಬಿಡುತ್ತಿದ್ದರು. ಬೊಂಬೆಯಾಟ ನೋಡುವವಳ ಹಾಗೆ ಅವಳು ಚಿತ್ರ ನೋಡುತ್ತ ಕೂರುತ್ತಿದ್ದಳು. ರಜೆಯ ದಿನ ಕಿಡಿ ಪಕ್ಕದಲ್ಲಿ ಮಲಗಿದ್ದಾಗ ಮತ್ತೆ ಅದೇ ಚಿತ್ರ ಬಂತು.

“ಯಾರೋ ಅದು, ಮಗೂಗೆ ಕಫ ಬಿಡಿಸ್ತಾ ಇರೋದು? ನಮ್ಮ ಹುಡುಗಿ ಥರಾನೇ ಇದಾಳೆ,” ಅಂದಳು ಅಜ್ಜಿ.

ಕಿಡಿ ಎದ್ದು ಕೂತ. ಅವಳ ಕಿವಿಗೆ ಬಾಯಿಟ್ಟು ಕಿರುಚಿದ. “ಅಜ್ಜೀ! ಅವಳು ಹೊಡೀತಾಳೆ ಅಂತಿದಾರೆ ಎಲ್ಲ!”

“ನಿನ್ನ ತಲೆ! ಹೊಡೆಯೋಳು ಒಂದೊಂದು ಏಟಿಗೂ ಬಗ್ಗಿ ಮಗು ಮುಖ ನೋಡ್ತಾಳೇನೋ? ಇವಳು ನೋಡು, ತಟ್ತಾಳೆ, ಬಗ್ತಾಳೆ. ತಟ್ತಾಳೆ, ಬಗ್ತಾಳೆ. ನಾನೂ ಮಕ್ಕಳನ್ನ ಹೆತ್ತಿದೀನಿ, ಹೊಡೆದೂ ಇದೀನಿ. ನಿಮ್ಮಪ್ಪನ್ನ ಕೇಳು.”

ಕಿಡಿ ನೋಡಿದ. ಇಷ್ಟು ದಿನ ಅವನೂ ನೋಡಿರಲಿಲ್ಲ. ಬರೀ ಕೇಳಿದ್ದ, ಕೇಳಿ ಉರಿದುಬಿದ್ದಿದ್ದ. ಈಗ ಢಂ ಢಂ ಇಲ್ಲ, ಅರಚುವವನಿಲ್ಲ. ಹೌದು, ಅಕ್ಕ ಬಗ್ಗುತ್ತಿದ್ದಳು. ಕೂಸಿನ ಮುಖ ನೋಡುತ್ತಿದ್ದಳು. ಇನ್ನೊಂದೂ ಕಂಡಿತು. ಅಕ್ಕನ ಹಿಂದೆ ನೀಲಿ ಅಂಗಿಯವನೊಬ್ಬ ಬಕೆಟ್ಟು ಹಿಡಿದು ಎಡದಿಂದ ಬಲಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಎಡದಿಂದ ಬಲಕ್ಕೆ. ಮತ್ತೆ. ಮತ್ತೆ.

“ಅಪ್ಪಾ! ಬಾ ಇಲ್ಲಿ! ಈ ಬಕೆಟ್ಟಿನವನು ಹೋಗ್ತಾನೇ ಇದಾನೆ, ವಾಪಸ್ ಬರೋದೇ ಇಲ್ಲ! ಒಂದು ತುಣುಕನ್ನೇ ತಿರುಗಿಸಿ ತಿರುಗಿಸಿ ಹಾಕಿದಾರೆ, ಅದೂ ಜೋರು ಓಡಿಸಿ. ಮುಂಚೆ ಏನಾಯ್ತು, ಆಮೇಲೆ ಏನಾಯ್ತು, ಎರಡೂ ಇಲ್ಲ. ಮೊಬೈಲಲ್ಲಿ ಹಿಡಿದವನು ಯಾರು ಅಂತಾನೂ ಹೇಳ್ತಿಲ್ಲ!”

ಅಪ್ಪ ಬಂದ. ಕನ್ನಡಕ ಏರಿಸಿ ನೋಡಿದ. ಬಕೆಟ್ಟಿನವನು ಹೋದ. ಮತ್ತೆ ಹೋದ. ಅಪ್ಪನ ಬಾಯಿ ಸ್ವಲ್ಪ ತೆರೆಯಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಒದ್ದೆ ಕೈಯಲ್ಲಿ ನಿಂತಿದ್ದಳು. ಆ ಗಳಿಗೆಯಲ್ಲಿ ಅಪ್ಪ ತಿರುಗಿ ಒಂದೇ ಒಂದು ಸಲ ಅವಳ ಕಡೆ ನೋಡಿದ್ದರೆ ಈ ಕಥೆ ಬರೆಯುವ ಗತಿ ಬರುತ್ತಿರಲಿಲ್ಲ.

ಅವನು ರಿಮೋಟು ಎತ್ತಿಕೊಂಡು ಸದ್ದು ಜೋರು ಮಾಡಿದ.

“ಸದ್ದಿಲ್ಲದೆ ಸುದ್ದಿ ಹೇಗೋ ಆಗುತ್ತೆ? ಅಲ್ಲಿ ಕೂತಿರೋರು ಓದಿದೋರು. ನೀನು ಎಂಟನೇ ಕ್ಲಾಸಿಗೇ ಬೆನ್ನು ತೋರಿಸಿ ಬಂದೋನು, ಅವರಿಗೆ ಪಾಠ ಹೇಳ್ತೀಯಾ?”

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅಕ್ಕ ಒಳಗೆ ಹೋದಳು.

ದಿನಾ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಡಿಗೆ ಹೋಗಿ ಅಲ್ಲಿಗೆ ಬರುವ ಪತ್ರಿಕೆಗಳನ್ನೆಲ್ಲ ತಿರುವಿಹಾಕುತ್ತಿದ್ದ. ಮಗಳ ಮಾನ ಇನ್ನೆಷ್ಟು ಹೋಗಿದೆ ಅಂತ ಓದಿ ಖುಷಿಪಡುತ್ತಾನೆ ಅಂತ ಕಿಡಿ ಹಲ್ಲು ಕಡಿಯುತ್ತಿದ್ದ. ಅದನ್ನು ಬಾಯಿಬಿಟ್ಟು ಅಂದ ದಿನ ಅಮ್ಮ ಅವನ ತಲೆಗೊಂದು ಮೊಟಕಿದಳು.

“ಖುಷಿಗಲ್ಲ ಕಣೋ ಪಾಪಿ. ತಿದ್ದುಪಡಿ ಹುಡುಕ್ತಾರೆ.”

“ಏನು?”

“ತಪ್ಪು ಸುದ್ದಿ ಬಂದ್ರೆ ಇವರ ಪ್ರೆಸ್ಸಲ್ಲಿ ಮಾರನೇ ದಿನ ಒಳಗಿನ ಪುಟದ ಕೆಳಗೆ ಚಿಕ್ಕದಾಗಿ ಹಾಕ್ತಿದ್ರಂತೆ, ‘ತಪ್ಪಾಯ್ತು, ವಿಷಾದಿಸ್ತೀವಿ’ ಅಂತ. ದಿನಾ ಅದೊಂದು ಮೂಲೆ ನೋಡಿ ಬರ್ತಾರೆ. ಬಂದು ಊಟ ಸೇರಲ್ಲ ಅಂತಾರೆ. ಅವರಿಗೇನು ಕರುಳಿಲ್ವಾ?”

ಅಪ್ಪ ಬಂದಾಗ ಕಿಡಿ ಮೆತ್ತಗೆ ಹೇಳಿದ. ಹುಟ್ಟಿದಾರಭ್ಯ ಅವನು ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. “ಅಪ್ಪ, ಈಗ ಯಾರೂ ಹಾಗೆ ಹಾಕಲ್ಲ. ನಿಮ್ಮ ಕಾಲ ಅಲ್ಲ ಇದು.”

“ತಪ್ಪಾಗಿದ್ರೆ ಹಾಕಿರೋರು. ಹಾಕಿಲ್ಲ ಅಂದ್ರೆ ತಪ್ಪಾಗಿಲ್ಲ.” ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

“ನಾನೂ ಈ ಮನೇಲೇ ಇದೀನಿ ಅಪ್ಪ,” ಅಂದಳು ಅಕ್ಕ ಒಳಗಿನಿಂದ. “ಪೇಪರ್ ಯಾಕೆ ಕೇಳ್ತೀಯ? ನನ್ನ ಕೇಳು.”

“ನಿಂದು ನೀನು ಹೇಳೇ ಹೇಳ್ತೀಯಮ್ಮ. ಬೇರೆಯವರು ಹೇಳಬೇಕು.”

ನೋಡಿ ಅನ್ಯಾಯ. ಅನುಮಾನಪಡುವುದು ಅಪ್ಪನಿಗೆ ಗೊತ್ತಿಲ್ಲದ್ದಲ್ಲ. ಚೆನ್ನಾಗೇ ಗೊತ್ತಿತ್ತು. ಅಷ್ಟೂ ಅನುಮಾನವನ್ನು ಒಟ್ಟುಮಾಡಿ ಮಗಳ ಮೇಲೆ ಸುರಿದ. ಕಂಡರಿಯದ ಆ ಟೈ ಕಟ್ಟಿದವನಿಗೆ ಒಂದು ಚಮಚ ಅನುಮಾನವನ್ನೂ ಉಳಿಸಲಿಲ್ಲ.

ಕಿಡಿ ಕೆಲಸಕ್ಕೆ ಚಕ್ಕರ್ ಹೊಡೆದು ಚಾನೆಲ್ಲಿನ ಆಫೀಸಿಗೇ ಹೋದ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಅವನಿಗಿಂತ ಎರಡು ವರ್ಷ ದೊಡ್ಡವನಿರಬಹುದಾದ ಹುಡುಗನೊಬ್ಬ ಬ್ರೆಡ್ಡು ಕಚ್ಚುತ್ತ ಬಂದ.

“ನೀವು ಯಾರ್ ಆಗ್ಬೇಕು ಅವರಿಗೆ?”

“ತಮ್ಮ.”

“ಓ! ತಮ್ಮನಾ! ಒಂದು ಬೈಟ್ ಕೊಡ್ತೀರಾ, ಎರಡೇ ಮಾತು? ಕ್ಯಾಮೆರಾ ತರಿಸ್ಲಾ?”

“ಅವಳು ಮಗೂಗೆ ಚಿಕಿತ್ಸೆ ಮಾಡ್ತಿದ್ಳು. ನೀವು ಹೊಡೆದ್ಳು ಅಂದ್ರಿ. ಒಂದು ಫೋನ್ ಮಾಡಿ ಅವಳನ್ನ ಕೇಳಿದ್ರಾ? ಒಬ್ಬ ಡಾಕ್ಟ್ರನ್ನ ಕೇಳಿದ್ರಾ?”

“ಹೊಡೆದ್ಳು ಅಂತ ನಾವೆಲ್ಲಿ ಅಂದ್ವಿ ಸಾರ್?” ಹುಡುಗ ಬೆರಳಿಗಂಟಿದ ಬೆಣ್ಣೆ ನೆಕ್ಕಿದ. “ಪ್ರಶ್ನಾರ್ಥಕ ಚಿಹ್ನೆ ಹಾಕಿದ್ವಲ್ಲ. ನಾವು ಕೇಳಿದ್ದು ಅಷ್ಟೇ. ತೀರ್ಮಾನ ಜನರಿಗೆ ಬಿಟ್ಟಿದ್ದು.”

ಕಿಡಿ ಕುರ್ಚಿ ಎತ್ತಿದ್ದು ಅವನಿಗೆ ನೆನಪಿದೆ. ಕುರ್ಚಿ ಎಲ್ಲಿ ಬಿತ್ತು ಅನ್ನುವುದು ನೆನಪಿಲ್ಲ. ಕಾವಲುಗಾರರು ಕೊರಳಪಟ್ಟಿ ಹಿಡಿದು ರಸ್ತೆಗೆ ದಬ್ಬಿದರು. ಸಂಜೆ ಅದೂ ಬಂತು: ‘ರಾಕ್ಷಸಿ ದಾದಿಯ ತಮ್ಮನ ಗೂಂಡಾಗಿರಿ?’ ಅಲ್ಲೂ ಕೊನೆಗೊಂದು ಚಿಹ್ನೆ. ಅಪ್ಪ ಪೂರ್ತಿ ನೋಡಿದ, ಎದ್ದುಹೋಗಿ ಮುಖ ತೊಳೆದುಕೊಂಡು ಬಂದ.

“ಇದೂ ಸುಳ್ಳಾ?” ಅಂದ ಮಗನಿಗೆ.

ಇದು ಸುಳ್ಳಾಗಿರಲಿಲ್ಲ. ಅದೇ ದೊಡ್ಡ ಸಂಕಟ.

ಆಮೇಲೆ ಆ ಕೂಸಿನ ತಾಯಿಯೇ ವಿಚಾರಣೆಗೆ ಬಂದಳು. ಬೇರೆ ಊರಿನ ಹೆಂಗಸು, ಇಷ್ಟು ದಿನ ಅವಳಿಗೆ ವಿಷಯವೇ ತಿಳಿದಿರಲಿಲ್ಲ. ಈ ಸಿಸ್ಟರು ತಟ್ಟಿ ತಟ್ಟಿ ಕಫ ತೆಗೆದದ್ದಕ್ಕೇ ನನ್ನ ಮಗು ಉಸಿರಾಡುತ್ತಿದೆ ಅಂತ ಎಲ್ಲರ ಮುಂದೆ ಹೇಳಿ ಅತ್ತಳಂತೆ. ಆ ದಿನ ಅಕ್ಕ ತಾನೇ ಸೌಟು ಹಿಡಿದು ನಡುಮನೆಗೆ ಬಂದಳು. ಎಷ್ಟೋ ವಾರಗಳ ಮೇಲೆ ಅವಳ ಮುಖದಲ್ಲಿ ಕಳೆಯಿತ್ತು.

“ಅಪ್ಪ, ನನ್ನ ಮೇಲೆ ತಪ್ಪಿಲ್ಲ ಅಂದ್ರು. ಸೋಮವಾರದಿಂದ ಕೆಲಸಕ್ಕೆ ಬಾ ಅಂದ್ರು.”

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಿಡಿ ತಟ್ಟೆಗೆ ಚಮಚದಿಂದ ಬಾರಿಸಿದ. ಅಜ್ಜಿಗೆ ಏನೂ ಕೇಳಿಸದಿದ್ದರೂ ಎಲ್ಲರ ಮುಖ ನೋಡಿ ನಕ್ಕಳು.

ಅಪ್ಪ ಟೀವಿ ನೋಡಿದ. ಮಗಳನ್ನು ನೋಡಿದ. ಮತ್ತೆ ಟೀವಿ ನೋಡಿದ.

“ಹೌದಾ? ಎಲ್ಲೂ ಬರಲಿಲ್ವಲ್ಲಮ್ಮ?”

ಅಕ್ಕ ಎಲ್ಲರಿಗೂ ಬಡಿಸಿದಳು, ಅಪ್ಪನಿಗೂ ಬಡಿಸಿದಳು. ಅಪ್ಪ ಅಂದು ತಟ್ಟೆ ಸರಿಸಲಿಲ್ಲ, ತಲೆ ತಗ್ಗಿಸಿ ತಿಂದ. ಅವಳು ಉಣ್ಣಲಿಲ್ಲ.

ಸೋಮವಾರ ಕೆಲಸಕ್ಕೆ ಹೋದವಳು ಮಧ್ಯಾಹ್ನಕ್ಕೇ ವಾಪಸ್ ಬಂದಳು. ಒಂದು ಕೂಸಿಗೆ ಕಫ ಬಿಡಿಸಬೇಕಿತ್ತಂತೆ. ತೊಡೆಯ ಮೇಲೆ ಮಲಗಿಸಿಕೊಂಡಳಂತೆ. ಅಂಗೈ ಮಡಚಿ ಕೈ ಎತ್ತುತ್ತಲೇ ವಾರ್ಡಿನ ಆ ಕಡೆಯಿಂದ, ಈ ಕಡೆಯಿಂದ ಮೊಬೈಲುಗಳು ಮೇಲೆದ್ದವಂತೆ.

“ಕೈ ಇಳೀಲೇ ಇಲ್ಲ ಕಣೋ,” ಅಂದಳು ತಮ್ಮನಿಗೆ. “ಮಗು ಗೊರಗೊರ ಅಂತಿದೆ, ನನ್ನ ಕೈ ಮೇಲೇ ನಿಂತ್ಬಿಡ್ತು. ಇನ್ನೊಬ್ಳು ಬಂದು ಎತ್ಕೊಂಡು ಹೋದ್ಳು. ನಾನಿನ್ನು ಮಕ್ಕಳ ವಾರ್ಡಿಗೆ ಆಗಲ್ಲ.”

ದೂರದ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುವ ಕೆಲಸ ಸಿಕ್ಕಿತು. ರಾಶಿ ರಾಶಿ ಹಾಸಿಗೆ ಬಟ್ಟೆ, ದೊಡ್ಡ ಯಂತ್ರಗಳು. ಅಲ್ಲಿ ಕೂಸುಗಳಿಲ್ಲ, ಕಿಟಕಿಯೂ ಇಲ್ಲ. ಹೊರಡುವ ದಿನ ಅಪ್ಪ ಇಸ್ತ್ರಿ ಅಂಗಡಿಯಲ್ಲಿ ಪತ್ರಿಕೆ ನೋಡುತ್ತಿದ್ದ. ಅಮ್ಮ ಕರೆಯಲು ಹೊರಟರೆ ಅಕ್ಕ ಕೈ ಹಿಡಿದು ನಿಲ್ಲಿಸಿದಳು.

ಬಸ್ ನಿಲ್ದಾಣದವರೆಗೂ ಕಿಡಿ ಚೀಲ ಹೊತ್ತ. ದಾರಿಯುದ್ದಕ್ಕೂ ಅಪ್ಪನನ್ನು ಬಯ್ದ, ಚಾನೆಲ್ಲನ್ನು ಬಯ್ದ, ಎದುರು ಬಂದ ಸೈಕಲ್ಲಿನವನನ್ನೂ ಬಯ್ದ.

“ಸಾಕು ಮಾಡೋ,” ಅಂದಳು ಅಕ್ಕ ಬಸ್ಸಿನ ಕಿಟಕಿ ಪಕ್ಕ ಕೂತು. “ನೀನು ಕುರ್ಚಿ ಎತ್ತಿದ್ದಕ್ಕಿಂತ ಬಕೆಟ್ಟಿನವನನ್ನ ನೋಡಿದ್ದೇ ದೊಡ್ಡ ಕೆಲಸ. ಮುಂದೆ ಯಾರ ಮೇಲಾದ್ರೂ ಹೀಗೆ ಬಂದಾಗ ಹಾಗೇ ನೋಡು. ಬೇರೆ ಯಾರಾದ್ರೂ ಆಗಿದ್ರೆ ನಾವೂ ನಂಬಿರ್ತಿದ್ವಿ, ಗೊತ್ತಾ? ಊಟ ಮಾಡ್ತಾ ನೋಡಿ, ಥೂ ಅಂದು, ಕೈ ತೊಳೆದು ಮಲಗ್ತಿದ್ವಿ.”

“ಮನೆಗೆ ಯಾವಾಗ ಬರ್ತೀಯ?”

“ಊರೆಲ್ಲ ಅಂದಿದ್ದನ್ನ ತಡ್ಕೊಂಡೆ ಕಣೋ. ಅಪ್ಪ ಒಂದ್ಸಲ, ‘ಏನಾಯ್ತು ಮಗಳೇ’ ಅಂತ ಕೇಳಿದ್ರೆ ಸಾಕಿತ್ತು.” ಬಸ್ಸು ಹೊರಟಿತು. ಯಾವಾಗ ಬರುತ್ತೇನೆ ಅಂತ ಅವಳು ಹೇಳಲೇ ಇಲ್ಲ.

ಅವಳಿಲ್ಲದ ಮನೆಯಲ್ಲಿ ಸಾರಿಗೆ ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಕಡಿಮೆ. ಅಪ್ಪ ಏನೂ ಅನ್ನದೆ ತಿನ್ನುತ್ತಿದ್ದ. ಅಕ್ಕ ಫೋನು ಮಾಡುತ್ತಿದ್ದದ್ದು ತಮ್ಮನಿಗೆ. ಫೋನು ಅಮ್ಮನ ಕೈಗೆ, ಅಜ್ಜಿಯ ಕೈಗೂ ಹೋಗುತ್ತಿತ್ತು. ಅಜ್ಜಿ ಏನೂ ಕೇಳಿಸದೆ “ಊಟ ಮಾಡು, ಊಟ ಮಾಡು” ಅಂತ ಕೂಗಿ ವಾಪಸ್ ಕೊಡುತ್ತಿದ್ದಳು. ಅಪ್ಪ ಆಗೆಲ್ಲ ಚಪ್ಪಲಿ ಹುಡುಕುವವನ ಹಾಗೆ ಅಲ್ಲೇ ಸುಳಿದಾಡುತ್ತಿದ್ದ. ಫೋನು ಅವನವರೆಗೆ ಬರಲಿಲ್ಲ. ಅವನೂ ಕೈ ಚಾಚಲಿಲ್ಲ.

ಹೀಗಿರುವಾಗ ಒಂದು ಸಂಜೆ ಕಿಡಿ ಕೆಲಸ ಮುಗಿಸಿ ಬಂದರೆ ಅಪ್ಪ ಮೆಟ್ಟಿಲ ತನಕ ಓಡಿಬಂದ.

“ಬಾರೋ, ಬೇಗ ಬಾ! ಹಾಕಿದ್ರು ಕಣೋ! ನಾನು ಹೇಳಿರಲಿಲ್ವಾ, ಹಾಕೇ ಹಾಕ್ತಾರೆ ಅಂತ!”

ಆ ಕೂಸಿನ ತಾಯಿ ಇನ್ನೊಂದು ಚಾನೆಲ್ಲಿಗೆ ಹೋಗಿ ಮಾತಾಡಿದ್ದಳಂತೆ. ಅಲ್ಲಿ ಜನ ಮುಗಿಬಿದ್ದು ನೋಡಿದ್ದು ಕಂಡು ಈ ಚಾನೆಲ್ಲಿನವರಿಗೂ ಜ್ಞಾನೋದಯವಾಗಿತ್ತು. ಅದೇ ಟೈ, ಅದೇ ಗಂಟಲು. ಢಂ ಢಂ ಬದಲು ಈಗ ಪಿಟೀಲು. ‘ಅಪವಾದ ಗೆದ್ದ ತಾಯಿಹೃದಯ.’ ಅಕ್ಕನ ಬಿಳಿ ಸಮವಸ್ತ್ರದ ಫೋಟೋ, ಸುತ್ತ ಹೂವು. ಆಮೇಲೆ ಅವಳು ಹುಟ್ಟಿ ಬೆಳೆದ ಮನೆ ಅಂತ ಒಂದು ಮನೆ ತೋರಿಸಿದರು. ಹೆಂಚಿನ ಮನೆ, ಮುಂದೆ ಬಾವಿ, ಕಟ್ಟಿಹಾಕಿದ ಮೇಕೆ.

“ಯಾರ ಮನೇನೋ ಅದು?” ಅಂದಳು ಅಜ್ಜಿ. “ಮೇಕೆ ಚೆನ್ನಾಗಿದೆ.”

ಅಮ್ಮ ಅಳುತ್ತಿದ್ದಳು. ಟೈಲರಮ್ಮ ಮೂಗು ಒರೆಸಿಕೊಳ್ಳುತ್ತಿದ್ದಳು. ಟೈ ಕಟ್ಟಿದವನು ದನಿ ಇಳಿಸಿ ಹೇಳಿದ: ಇಂದು ಆ ದಾದಿ ಅದೇ ವಾರ್ಡಿನಲ್ಲಿ, ಅದೇ ನಗುಮುಖದಿಂದ, ಅದೇ ಕಂದಮ್ಮಗಳ ಸೇವೆಯಲ್ಲಿದ್ದಾರೆ. ಅಪ್ಪ ತಲೆಯಾಡಿಸಿದ. ಅಕ್ಕ ಎಲ್ಲಿದ್ದಾಳೆ, ಏನು ಒಗೆಯುತ್ತಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಆದರೂ ತಲೆಯಾಡಿಸಿದ.

“ಇಡೀ ಸಮಾಜ ಕಲ್ಲೆಸೆಯುವಾಗ,” ಅಂದ ಟೈ ಕಟ್ಟಿದವನು, “ಒಂದು ದಿನವೂ ಅಳುಕದೆ, ಆ ಹೆಣ್ಣುಮಗಳ ಬೆನ್ನಿಗೆ ಬಂಡೆಯಂತೆ ನಿಂತವರು ಒಬ್ಬರೇ. ಆಕೆಯ ವೃದ್ಧ ತಂದೆ.”

ಪಿಟೀಲು ಏರಿತು. ಅಪ್ಪನ ಕನ್ನಡಕದ ಕೆಳಗಿಂದ ನೀರಿಳಿಯಿತು. ಟೈಲರಮ್ಮ, “ಹೌದು ಪ್ರೆಸ್ಸಿನೋರೆ, ನೀವು ದೊಡ್ಡವರು,” ಅಂದಳು. ಅಪ್ಪ ಅದನ್ನು ಬೇಡ ಅನ್ನಲಿಲ್ಲ. ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡು ಮಗನತ್ತ ತಿರುಗಿದ. ಆ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಕಿಡಿ ಜಗಳವಾಡಿ ಹಗುರಾಗುತ್ತಿದ್ದ. ಅಪ್ಪ ನಿಜವಾಗಿಯೂ ನಂಬಿದ್ದ.

“ಫೋನ್ ಮಾಡೋ ಅವಳಿಗೆ. ಮನೆಗೆ ಬಾ ಅನ್ನು. ಅಪ್ಪ ನಿನ್ನ ಜೊತೆ ನಿಂತಿದ್ದ ಅಂತ ಟೀವಿಯಲ್ಲೇ ಹೇಳಿದ್ರು ಅನ್ನು.” ಅವನು ಮಗನ ತೋಳು ಹಿಡಿದ. “ನಿಂತಿದ್ನಲ್ವೇನೋ ನಾನು? ಹೌದಲ್ವಾ? ಹೇಳೋ.”

ಕಿಡಿಯ ಬಾಯಿತುಂಬ ಮಾತಿತ್ತು. ಅವನು ಅಮ್ಮನನ್ನು ನೋಡಿದ, ಮೇಕೆ ನೋಡುತ್ತ ಕೂತ ಅಜ್ಜಿಯನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.

“ಲೋ, ಹೇಳಿ ಹೋಗೋ!” ಅಂತ ಅಪ್ಪ ಮೇಲಿನಿಂದ ಕೂಗುತ್ತಿದ್ದ. ಕಿಡಿ ರಸ್ತೆ ದಾಟಿ ನಡೆದುಬಿಟ್ಟ.